ಪ್ರತಿಧ್ವನಿ ಇಲ್ಲದ ಹಾಲ್

ಜೂನ್ ತಿಂಗಳ ಬಿಸಿಲು ಇಳಿಯುವ ಮೊದಲೇ ವಾಚ್‌ಮನ್ ಸಫೀರ್ ಶಾಲೆಯ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದ. ಒಂದು ಕುರ್ಚಿ ಎಳೆದರೆ ನಾಲ್ಕು ಎಳೆದಷ್ಟು ಸದ್ದು. ಬೆಳಿಗ್ಗೆ ಗಂಡನನ್ನು ಬೆಂಕಿಗೆ ಒಪ್ಪಿಸಿ, ಸ್ನಾನ ಮುಗಿಸಿ ಬಂದಿದ್ದ ರಾಜೀವಿ ಮುಂದಿನ ಸಾಲಿನ ಮೂಲೆಯಲ್ಲಿ ಕೂತು ಆ ಸದ್ದನ್ನೇ ಕೇಳುತ್ತಿದ್ದಳು. ಗಲ್ಫಿಗೆ ಬಂದಂದಿನಿಂದ ಶಾಲೆಗಳ ನಕ್ಷೆಯನ್ನೇ ಬರೆದ ಅವಳ ಗಂಡ ಮೋಹನದಾಸರಿಗೆ, ಮಿರ್ದಿಫ್ ಬಡಾವಣೆಯಲ್ಲಿ ತಾವೇ ವಿನ್ಯಾಸ ಮಾಡಿದ ಈ ಕಮಾನು ಚಾವಣಿಯ ಹಾಲ್ ಎಂದರೆ ಪ್ರಾಣ. ಸಂತಾಪ ಸಭೆ ಇಲ್ಲೇ ಆಗಲಿ ಎಂದವರು ಪ್ರಿನ್ಸಿಪಾಲ್ ಬೆಟ್ಟಿ ಮೇಡಂ.

"ಅಕ್ಕಾ, ಮೈಕ್ ಬೇಕಾ?" ಎಂದ ಸಫೀರ್.

"ಬೇಡ ಮಾರಾಯ. ಈ ಹಾಲ್‌ಗೆ ಮೈಕ್ ಕೊಟ್ಟರೆ ನಾಳೆವರೆಗೂ ಮಾತಾಡ್ತಾ ಇರ್ತದೆ."

*

ಹಾಲ್‌ನ ಉದ್ಘಾಟನೆಯ ದಿನವೇ ರಾಜೀವಿ ಗಂಡನಿಗೆ ಹೇಳಿದ್ದಳು. "ಮಾತು ತಿರುಗಿ ಬರ್ತದಲ್ಲಾ ಇಲ್ಲಿ?"

"ಎಲ್ಲಿ?" ಎಂದರು ಮೋಹನದಾಸರು. ಆ 'ಎಲ್ಲಿ'ಯೂ ತಿರುಗಿ ಬಂತು. "ಅದು ನಿನ್ನ ಕಿವಿಯ ದೋಷ."

ಮರುದಿನ ಕಿವಿ ಡಾಕ್ಟರ ಬಳಿಗೂ ಕರೆದೊಯ್ದರು. ದೋಷವಿಲ್ಲ ಎಂದಾಗ, "ಡಾಕ್ಟರು ಹೊಸಬ" ಎಂದರು. ಅಂದಿನಿಂದ ಮನೆಯಲ್ಲಿ ಯಾವ ವಾದ ಬಂದರೂ ಒಂದೇ ಉತ್ತರ: "ನಿನಗೆ ಹಾಲ್‌ನಲ್ಲೂ ಹಾಗೇ ಕೇಳಿತ್ತಲ್ಲ."

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲೂ ರಾಜೀವಿ ಬಿಡಲಿಲ್ಲ. "ಈಗಾದರೂ ಹೇಳಿ, ಹಾಲ್‌ನಲ್ಲಿ ಪ್ರತಿಧ್ವನಿ ಉಂಟಾ ಇಲ್ವಾ?" ಮೋಹನದಾಸರು ಗೋಡೆಯ ಕಡೆ ಹೊರಳಿ, ನಿದ್ದೆ ಬಂದವರಂತೆ ಗೊರಕೆ ಹೊಡೆದರು.

*

ಮೋಹನದಾಸರ ಕೆಲಸದಲ್ಲಿ ತಪ್ಪೆಂಬುದೇ ಇರಲಿಲ್ಲ ಎಂದರು ಸಂತಾಪ ಸಭೆಯಲ್ಲಿ ಬೆಟ್ಟಿ ಮೇಡಂ. ಆ ಮಾತನ್ನು ಚಾವಣಿ ಮತ್ತೆ ಮೂರು ಸಲ ಹೇಳಿತು. ಬಂದವರೆಲ್ಲ ಕೇಳದವರಂತೆ ತಲೆ ತಗ್ಗಿಸಿದರು. ರಾಜೀವಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಇವರೆಲ್ಲ ಹೀಗೆ ತೆಪ್ಪಗಿದ್ದರೆ ತಪ್ಪು ತನ್ನ ಕಿವಿಯದೆಂದೇ ಉಳಿದುಹೋಗುತ್ತದಲ್ಲ.

ಮೌನ ಪ್ರಾರ್ಥನೆಗೆ ಎಲ್ಲರೂ ಎದ್ದರು. ಆಗ ಯಾರೋ ಅವಳ ಪಕ್ಕದಲ್ಲೇ ಪಿಸುಗುಟ್ಟಿದಂತಾಯಿತು. ಪಕ್ಕದಲ್ಲಿ ಯಾರೂ ಇಲ್ಲ. ದನಿ ಗಂಡನ ಜೊತೆ ಕೆಲಸ ಮಾಡಿದ ಪೃಥ್ವಿರಾಜನದು. ಅವನೋ ದೂರದಲ್ಲಿ, ಹಿಂದಿನ ಬಾಗಿಲ ಮೂಲೆಯಲ್ಲಿ, ಆಫೀಸಿನ ತಿಲಕನ ಜೊತೆ ನಿಂತಿದ್ದ. ಅವರ ಪಿಸುಮಾತನ್ನು ಕಮಾನು ಚಾವಣಿ ಅಲ್ಲಿಂದ ಅವಳ ಕಿವಿಗೇ ತಂದು ಹಾಕುತ್ತಿತ್ತು.

"ಮೋಹನದಾಸಣ್ಣನಿಗೆ ಈ ಪ್ರತಿಧ್ವನಿ ಗೊತ್ತಿತ್ತು ಮಾರಾಯ. ರಜೆಯ ದಿನ ಒಬ್ಬರೇ ಬಂದು ಚಪ್ಪಾಳೆ ತಟ್ಟಿ ನೋಡ್ತಿದ್ದರು."

"ಮತ್ತೆ ಅತ್ತಿಗೆ ಹತ್ರ ಯಾಕೆ ಒಪ್ಪಲಿಲ್ಲ?"

"ನಾನೂ ಕೇಳಿದೆ. 'ಅವಳು ಹೇಳಿದ್ದೇ ಸರಿ. ಆದರೆ ಇದೊಂದು ಒಪ್ಪಿದೆನೋ, ಎಸಿ ರಿಮೋಟೂ ಅವಳ ಕೈಗೆ ಹೋಗ್ತದೆ' ಅಂದರು."

ರಾಜೀವಿ ತಿರುಗಿ ನೋಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗುವುದನ್ನು ಕಂಡವರು ಪಾಪ, ಅಳುತ್ತಿದ್ದಾಳೆ ಎಂದುಕೊಂಡರು. ಆಮೇಲೆ ಸೆರಗು ಸರಿಸಿ, ಎದುರಿನ ಬೋಳು ಗೋಡೆಗೆ ಮೆಲ್ಲನೆ ಹೇಳಿದಳು.

"ಕೇಳಿತು."

ಹಿಂದಿನ ಮೂಲೆಯಲ್ಲಿ ಆ ಪಿಸುಮಾತು ಕಿವಿಯ ಬಳಿಯೇ ಕೇಳಿ, ಪೃಥ್ವಿರಾಜನ ನೀರಿನ ಬಾಟಲಿ ಬಾಯಿಯ ಹತ್ತಿರವೇ ನಿಂತಿತು. ಅವನು ಮೊದಲು ತಿಲಕನನ್ನು ನೋಡಿದ, ಆಮೇಲೆ ಚಾವಣಿಯನ್ನು, ಕೊನೆಗೆ ಹಾರ ಹಾಕಿದ ಮೋಹನದಾಸರ ಫೋಟೋವನ್ನು. ಮತ್ತೆ ಮೆಲ್ಲಗೆ ಚಪ್ಪಲಿ ಕಳಚಿ ಆ ಫೋಟೋಗೆ ಕೈಮುಗಿದ.