ಮಾಪು ಬಾರದ ಬಾಗಿಲು

ಒಂದಾನೊಂದು ಕಾಲದಲ್ಲಿ, ಏಳು ಕಡಲಿನಾಚೆ, ಊಟದ ಮೇಜಿನ ಮೇಲೆ ಮೈಚಾಚಿ ಮಲಗಿದ್ದ ಒಂದು ಬಟ್ಟೆಯಿತ್ತಂತೆ. ಹೆಸರು ಮಪ್ಪ. ಹೆಸರು ಕೇಳಿದರೆ ಗಂಡಸಿನ ಹಾಗಿದ್ದರೂ ಹೆಣ್ಣೇ. ಅದಕ್ಕೆ ಹೆಣ್ಣುಮಕ್ಕಳೂ ಇದ್ದರು. ಹಿರಿಯವಳ ಮೈಮೇಲೆ ನದಿ, ಬೆಟ್ಟ, ದಾರಿಗಳನ್ನು ಬರೆದು ಗೋಡೆಗೆ ತೂಗುಹಾಕಿದರು, ಅವಳು ಮ್ಯಾಪ್ ಆದಳು. ಇನ್ನೊಬ್ಬಳು ಉಣ್ಣುವವರ ತೊಡೆಯೇರಿ ನ್ಯಾಪ್ಕಿನ್ ಆದಳು. ಮತ್ತೊಬ್ಬಳು ಅಡುಗೆಯವರ ಸೊಂಟ ಸುತ್ತಿ ಏಪ್ರನ್ ಆದಳು. ಕಡೆಯವಳನ್ನು ಮಾತ್ರ ಜುಟ್ಟು ಹಿಡಿದು ಕೋಲಿಗೆ ಕಟ್ಟಿ ನೆಲಕ್ಕೆ ಬಿಟ್ಟರು. ಅವಳೇ ಮಾಪು. ಮುಂದೆ ಆ ಸೀಮೆಯ ಸಂತೆಗಳಲ್ಲಿ ಮನೆಗೆಲಸ ಬೇಕಾದ ಹುಡುಗಿಯರು ಮಾಪು ಹಿಡಿದು ಸಾಲಾಗಿ ನಿಲ್ಲುತ್ತಿದ್ದರಂತೆ. ಜನ ಕೊನೆಗೆ ಆ ಸಂತೆಯನ್ನೇ ಮಾಪು ಅನ್ನತೊಡಗಿದರಂತೆ.

ಈ ಕತೆ ಚೂಟಿಯ ಅಜ್ಜಿಯದು. ತಲೆ ನರೆಯುವವರೆಗೂ ಒಂದು ಲೈಬ್ರರಿಯ ನೆಲ ಒರೆಸಿದವಳು ಅವಳು. ಅಲ್ಲಿಗೆ ಓದಲು ಬರುತ್ತಿದ್ದ ಮೇಷ್ಟ್ರೊಬ್ಬರು ದಪ್ಪ ನಿಘಂಟು ತೆರೆದು 'ಮಾಪು' ಅನ್ನುವ ಮಾತಿನ ಹುಟ್ಟು ಹೇಳಿದ್ದಕ್ಕೆ ಕೈಕಾಲು ಮೂಡಿಸಿ ಕತೆ ಮಾಡಿಕೊಂಡಿದ್ದಳು. ಕಡೆಯ ಮಗಳ ವಿಷಯಕ್ಕೆ ಬಂದಾಗ ಮಾತ್ರ ಮೇಷ್ಟ್ರು "ಇರಬಹುದು, ಖಾತ್ರಿಯಿಲ್ಲ" ಎಂದಿದ್ದರಂತೆ.

"ಬಡವರ ಹುಟ್ಟು ಯಾವಾಗ್ಲೂ 'ಇರಬಹುದೇ' ಕಣೆ" ಎಂದು ಅಜ್ಜಿ ನಗುತ್ತಿದ್ದಳು.

ಅಜ್ಜಿ-ಮೊಮ್ಮಗಳು ಹೊಸ ಕಟ್ಟಡದ ಮೊದಲ ಮಹಡಿಗೆ ಬಂದಾಗ ಅಲ್ಲಿ ಮಾಪು ಬೇರೆಯೇ ವೇಷ ಹಾಕಿಕೊಂಡಿತ್ತು. ಮೆಟ್ಟಿಲು ಎಲ್ಲರದು, ಒರೆಸುವ ಸರದಿಯೂ ಎಲ್ಲರದು. ಒರೆಸಿದವರು ಮಾಪನ್ನು ಹಿಂಡಿ ಮುಂದಿನ ಮನೆಯ ಬಾಗಿಲಿಗೆ ಒರಗಿಸಿಡಬೇಕು. ಹಾಗಾಗಿ ಅಲ್ಲಿ "ಇವತ್ತು ಯಾರ ಮಾಪು?" ಎಂದರೆ ಯಾರ ಸರದಿ ಎಂದರ್ಥ. "ಅವರದು ಮಾಪು ತಪ್ಪದ ಮನೆ" ಎಂದರೆ ಮರ್ಯಾದಸ್ಥರ ಮನೆ. ಇನ್ನು "ಮಾಪಿಲ್ಲದವರು" ಎಂದರೆ ಇವತ್ತೋ ನಾಳೆಯೋ ಗಂಟುಮೂಟೆ ಕಟ್ಟಬೇಕಾದವರು. ಕೆಳಗೆ ಬೀಗ ರಿಪೇರಿ ಅಂಗಡಿ ಇಟ್ಟಿದ್ದ, ಎಲ್ಲರೂ ಮಾವ ಎನ್ನುತ್ತಿದ್ದವನೇ ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುತ್ತಿದ್ದ. ರೂಮಿನ ಕೀ ಇಸಿದುಕೊಳ್ಳುವಾಗ ಚೂಟಿ ಅವನಿಗೆ ಮಾತು ಕೊಟ್ಟಿದ್ದಳು: "ನಮ್ಮ ಸರದಿ ನಾನು ತಪ್ಪಿಸಲ್ಲ ಮಾವ."

ಆದರೆ ಮಾಪು ಬರಲೇ ಇಲ್ಲ.

ಮೊದಲ ಸುತ್ತಿನಲ್ಲಿ, ಹೊಸಬರು ಅಂತ ಬಿಟ್ಟಿರಬೇಕು ಅಂದುಕೊಂಡಳು. ಮತ್ತೊಂದು ಸುತ್ತು ಹೋಯಿತು. ಮಾಪು ಪಕ್ಕದ ಇಸ್ತ್ರಿ ಅಕ್ಕನ ಬಾಗಿಲಲ್ಲಿ ಕಾಣುತ್ತಿತ್ತು, ಆಮೇಲೆ ನೋಡಿದರೆ ಮೇಲಿನ ಮಹಡಿಯ ನರ್ಸಮ್ಮನ ಬಾಗಿಲಲ್ಲಿ. ನಡುವೆ ಇವರ ಬಾಗಿಲು ಇದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲದ ಹಾಗೆ. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಕೂತರೆ ಚೂಟಿಗೆ ಅದೇ ಧ್ಯಾನ. ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಿದ್ದ ಆ ಅಕ್ಕ ಎದುರಾದರೆ ಈಚೆಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಯಾರಿಗೋ "ನಮ್ಮ ತಮ್ಮಂಗೊಂದು ರೂಮು ಇದ್ರೆ ಹೇಳಿ" ಎಂದದ್ದನ್ನು ಚೂಟಿ ಕಿವಿಯಾರೆ ಕೇಳಿದ್ದಳು. ಸಂಜೆ ಇವಳ ಚಪ್ಪಲಿ ಸದ್ದಾದ ಕೂಡಲೇ ಇವರ ರೂಮಿನೊಳಗಿನ ಗುಸುಗುಸು ನಿಲ್ಲುತ್ತಿತ್ತು, ಅಕ್ಕ ಸೆರಗು ಸರಿಮಾಡಿಕೊಂಡು ಸರಕ್ಕನೆ ಹೊರಗೆ ಹೋಗುತ್ತಿದ್ದಳು.

"ಏನಜ್ಜಿ ಮಾತು?"

"ಮಾತೇನು, ಮಂಡಿ ನೋವಿನ ಮಾತು" ಎಂದು ಅಜ್ಜಿ ಗೋಡೆ ಕಡೆ ತಿರುಗುತ್ತಿದ್ದಳು.

ಒಂದು ದಿನ ಮಂಚದ ಕೆಳಗೆ ಒಂದು ಗುಂಡಿ ಸಿಕ್ಕಿತು. ಗಂಡಸರ ಅಂಗಿಯ ಗುಂಡಿ, ಗಂಡಸರೇ ಇಲ್ಲದ ಮನೆಯಲ್ಲಿ! ಚೂಟಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ತಾನಿಲ್ಲದಾಗ ಆ ತಮ್ಮ ಬಂದು ರೂಮಿನ ಅಳತೆ ತೆಗೆದುಕೊಂಡು ಹೋದನೇ? ಮುದುಕಿಗೆ ಏನು ಹೇಳಿ ಬಾಯಿ ಮುಚ್ಚಿಸಿದ್ದಾರೆ?

ಶುಕ್ರವಾರ ಬೀಗದ ಮಾವ ಮೆಟ್ಟಿಲಲ್ಲೇ ತಡೆದ. "ಏನಮ್ಮ ಚೂಟಿ, ನಿಮ್ಮ ಮಾಪು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ವಂತೆ?"

"ನಮ್ಮ ಬಾಗಿಲಿಗೆ ಬಂದರೆ ತಾನೇ ಮಾವ!"

"ಬಾಗಿಲಿಗೆ ಬರದೆ ಎಲ್ಲಿಗೆ ಹೋಗತ್ತೆ? ಅದಕ್ಕೇನು ಕಾಲಿದೆಯಾ?" ಅವನು ಅವಳನ್ನು ತುಕ್ಕು ಹಿಡಿದ ಬೀಗ ನೋಡುವ ಹಾಗೆ ನೋಡಿದ. "ಭಾನುವಾರ ಮಾಲೀಕರು ಬರ್ತಾರೆ. ಮಾಪಿಲ್ದೋರು ಯಾರು ಅಂದ್ರೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಆ ರೂಮಿಗೆ ಕಾದಿರೋರು ಬೇಕಾದಷ್ಟು ಜನ."

ಈ ರೂಮು ಸಿಗುವ ಮುಂಚೆ ತಟ್ಟಿದ ಬಾಗಿಲುಗಳೆಲ್ಲ ಚೂಟಿಯ ಕಣ್ಣಮುಂದೆ ಬಂದವು. ಜೊತೆಗೆ ಕಾಯಿಲೆಯ ಮುದುಕಿ ಇದ್ದಾಳೆ ಎಂದ ಕೂಡಲೇ ಅವೆಲ್ಲ ಮುಚ್ಚಿಕೊಂಡಿದ್ದವು.

ಶನಿವಾರ ಮತ್ತೆ ತಮ್ಮ ಸರದಿ ಬರುವ ದಿನ. ಚೂಟಿ ಅಂಗಡಿಗೆ ರಜೆ ಹಾಕಿ, ಬೆಳಗ್ಗೆಯೇ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಳು. ಬಕೆಟ್ಟಿನ ಹಿಡಿ ಕಿರುಗುಟ್ಟಿತು. ಇಸ್ತ್ರಿ ಅಕ್ಕ ಮಾಪು ಹೆಗಲಿಗೇರಿಸಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಇವರ ಬಾಗಿಲು ದಾಟುತ್ತಿದ್ದಳು.

ಚೂಟಿ ಬಾಗಿಲು ಎಳೆದಳು. "ಸಿಕ್ಕಿಬಿದ್ರಾ ಅಕ್ಕ?"

"ಅಯ್ಯೋ ಪಿಶಾಚಿ! ಜೀವ ಹೋಗಿತ್ತಲ್ಲೇ!"

"ನಿಮ್ಮ ತಮ್ಮನಿಗೆ ರೂಮು ಬೇಕಿದ್ರೆ ನೆಟ್ಟಗೆ ಬಾಯಿಬಿಟ್ಟು ಹೇಳಿ. ಹೀಗೆ ಕದ್ದುಮುಚ್ಚಿ ನಮ್ಮನ್ನ ಮಾಪಿಲ್ದೋರು ಮಾಡಬೇಡಿ."

ಅಕ್ಕ ಬಕೆಟ್ಟು ಕುಕ್ಕಿದಳು. ನೀರು ಚೆಲ್ಲಿತು. "ತಮ್ಮನಾ? ಅವನು ಬೇರೆ ಕಡೆ ರೂಮು ಹಿಡಿದು ಎಷ್ಟು ದಿನ ಆಯ್ತು! ನಿಮ್ಮ ಮಾಪನ್ನೂ ನಾನೇ ಹಾಕಿ ಹಾಕಿ ನನ್ನ ಸೊಂಟ ಬಿದ್ದುಹೋಗಿದೆ. ಹೋಗಿ ನಿಮ್ಮಜ್ಜೀನ ಕೇಳು."

ಒಳಗೆ ಅಜ್ಜಿ ಗಾಢನಿದ್ದೆಯಲ್ಲಿದ್ದವಳ ಹಾಗೆ ಮಲಗಿದ್ದಳು. ರೆಪ್ಪೆಗಳು ಮಾತ್ರ ಕುಣಿಯುತ್ತಿದ್ದವು.

"ಏಳಿ ಅಜ್ಜಿ, ನಾಟಕ ಸಾಕು" ಎಂದಳು ಅಕ್ಕ ಹೊಸಿಲಲ್ಲಿ ನಿಂತು. "ಹೇಳಬೇಡ ಅಂದ್ರಿ, ಹೇಳಲಿಲ್ಲ. ನಾನು ನಿಮ್ಮ ಮೆಟ್ಟಿಲು ಒರೆಸೋದು, ನೀವು ನನ್ನ ಗಿರಾಕಿಗಳ ಅಂಗಿಗೆ ಗುಂಡಿ ಹೊಲಿದುಕೊಡೋದು ಅಂತ ಮಾತಾಗಿತ್ತು. ಅದು ಬಿಟ್ಟು ಕಳ್ಳಿ ಅನ್ನಿಸಿಕೊಳ್ಳೋ ಮಾತಾಗಿರಲಿಲ್ಲ."

ಚೂಟಿಗೆ ಮಂಚದ ಕೆಳಗಿನ ಗುಂಡಿ ನೆನಪಾಯಿತು. ತಮ್ಮನೂ ಇಲ್ಲ, ಅಳತೆಯೂ ಇಲ್ಲ. ಇಷ್ಟು ದಿನ ಹೊರಗೆ ಹುಡುಕಿದ ಕಳ್ಳಿ ತನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು.

"ಯಾಕಜ್ಜಿ?"

ಅಜ್ಜಿ ಕಣ್ಣು ತೆರೆದಳು. "ಅದು ನಿನ್ನ ಕೈಗೆ ಬರಬಾರದು ಅಂತಿದ್ದೆ. ಲೈಬ್ರರೀಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ನೀರು ಚೆಲ್ಲಿದ್ರೆ 'ಮಾಪನ್ನ ಕರೀರಿ' ಅನ್ನೋರು. ನಾನೂ ಓಡಿಹೋಗ್ತಿದ್ದೆ. ಅದು ಹಿಡಿದವರ ಹೆಸರನ್ನೇ ಒರೆಸಿಬಿಡತ್ತೆ ಕಣೆ. ನಿನ್ನನ್ನ ಓದಿಸಿದ್ದು ಅದಕ್ಕಾ?"

"ಇಲ್ಲಿ ಅದು ಹಾಗಲ್ಲ ಅಜ್ಜಿ. ಇಲ್ಲಿ ಅದು ಇಲ್ಲದಿದ್ರೇನೇ ನಮಗೆ ಹೆಸರಿಲ್ಲ. ನಾಳೆ ಮನೆಯೂ ಇರಲ್ಲ."

"ಮಾತಿನ ಅರ್ಥ ಬದಲಾಗಬಹುದು. ಬೆನ್ನು ನೋವಿನ ಅರ್ಥ ಬದಲಾಗತ್ತಾ?"

"ನಾನು ಮಾತು ಕೊಟ್ಟಿದೀನಿ ಅಜ್ಜಿ" ಎಂದಷ್ಟೇ ಹೇಳಿ ಚೂಟಿ ಅಕ್ಕನ ಕಡೆ ಕೈಚಾಚಿದಳು. "ತಪ್ಪಾಯ್ತಕ್ಕ. ಕೊಡಿ ಇಲ್ಲಿ."

ಅಕ್ಕ ಮುಖ ಊದಿಸಿಕೊಂಡೇ ಕೊಟ್ಟಳು.

ಚೂಟಿ ಮೇಲಿನ ಮಹಡಿಯಿಂದ ಶುರುಮಾಡಿದಳು. ಬಾಗಿಲುಗಳು ಒಂದೊಂದಾಗಿ ತೆರೆದವು. ನರ್ಸಮ್ಮ ಡ್ಯೂಟಿಗೆ ಹೊರಟವಳು ನಿಂತು ನೋಡಿದಳು. ಇನ್ಯಾರೋ "ಭಾನುವಾರ ಹತ್ತಿರ ಬಂತಲ್ಲ, ಅದಕ್ಕೇ" ಎಂದು ಕೇಳುವ ಹಾಗೆಯೇ ಪಿಸುಗುಟ್ಟಿದರು. ಒರೆಸಿದ ಮೆಟ್ಟಿಲನ್ನು ಒಬ್ಬಾಕೆ ಬೆರಳಿನಿಂದ ಮುಟ್ಟಿಯೂ ನೋಡಿದಳು. ಚೂಟಿ ತಲೆಯೆತ್ತಲಿಲ್ಲ. ಮೊದಲ ಮಹಡಿಗೆ ಇಳಿದಾಗ ಅಜ್ಜಿ ಗೋಡೆ ಹಿಡಿದು ಹೊಸಿಲಿಗೆ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಅಷ್ಟು ನೀರು ಬೇಡ, ಹಿಂಡು. ಮೂಲೆ ಬಿಡಬೇಡ. ಒರೆಸಿದ್ದನ್ನ ತುಳೀದೆ ಹಿಂದಕ್ಕೆ ಇಳಿ. ಅಯ್ಯೋ, ಬೆನ್ನು ಬಗ್ಗಿಸಬೇಡ್ವೇ, ಕೋಲು ಉದ್ದಕ್ಕೆ ಹಿಡಿ!"

ಕೆಳಗೆ ಬೀಗದ ಮಾವ ಮೇಲೆ ಹತ್ತಲು ಬಂದವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತ. ಇನ್ನೂ ನಂಬಿಕೆ ಬಾರದವನ ಹಾಗೆ ಮೆಟ್ಟಿಲುಗಳ ಮೇಲೆ ತುದಿಯಿಂದ ಬುಡದವರೆಗೆ ಕಣ್ಣಾಡಿಸಿದ.

"ಇವತ್ತು ಯಾರ ಮಾಪು?" ಎಂದು ಗಟ್ಟಿಯಾಗಿ ಕೇಳಿದ, ಕಟ್ಟಡಕ್ಕೆಲ್ಲ ಕೇಳುವಂತೆ.

"ನಮ್ಮದು ಮಾವ."

"ಹ್ಞೂಂ. ನಾಳೆ ಕೇಳಿದ್ರೆ ಹಾಗೇ ಹೇಳ್ತೀನಿ. ಒಣಗಲಿ, ಆಮೇಲೆ ಹತ್ತುತ್ತೀನಿ."

ಚೂಟಿ ಕೊನೆಯ ಮೆಟ್ಟಿಲಿನ ಎರಡೂ ಮೂಲೆ ಒರೆಸಿ ಕೆಳಗಿಳಿದಳು.