ಅಯಸ್ಕಾಂತ ಅಂಟಿದ ಚಾಕು

ಎಂಬತ್ತೇಳನೇ ಇಸವಿಯಲ್ಲಿ, ಗೌರಿಬಿದನೂರಿನ ನನ್ನ ಚಾಕು ಅಂಗಡಿಗೆ ನಗರಗೆರೆಯ ಓಬಳಮ್ಮ ಸೆರಗಿನಲ್ಲಿ ಅಯಸ್ಕಾಂತ ಗಂಟು ಕಟ್ಟಿಕೊಂಡು ಬಂದರು. ಸ್ಟೀಲು ಪಾತ್ರೆ ಕೊಳ್ಳುವಾಗ ಎಲ್ಲರೂ ಮಾಡುತ್ತಿದ್ದ ಪರೀಕ್ಷೆ ಅದು: ಅಂಟದಿದ್ದರೆ ಅಸಲಿ ಸ್ಟೀಲು, ಅಂಟಿದರೆ ಕಬ್ಬಿಣ. ನಾನೇ ಸಾಣೆ ಹಿಡಿದ ಚಾಕುವಿಗೆ ಅಯಸ್ಕಾಂತ ಟಕ್ಕನೆ ಅಂಟಿತು.

“ದಸ್ತಗಿರ್ ಸಾಬ್ರೆ, ಇದು ಬರೀ ಕಬ್ಬಿಣ. ತುಕ್ಕು ಹಿಡೀತದೆ.”

ನನಗೆ ರೇಗಿತು. “ಅಂಟದ ಸ್ಟೀಲು ಪಾತ್ರೆಗೆ ಸರಿ ಕಣಮ್ಮ. ಚಾಕುಗೆ ಅದು ಮೆತ್ತಗೆ, ಹರಿತ ನಿಲ್ಲಲ್ಲ! ಇದು ಅಂಟಿದ್ರೂ ತುಕ್ಕು ಹಿಡಿಯದ ಸ್ಟೀಲೇ!” ಎಂದವನೇ ನಿಂಬೆಹಣ್ಣು ಕೊಯ್ದು, ಚಾಕುವನ್ನು ಒರೆಸದೆ ಇಟ್ಟೆ. “ಬರೀ ಕಬ್ಬಿಣ ಆಗಿದ್ರೆ ನಿಂಬೆ ಹುಳಿಗೆ ಸಂಜೆಯೊಳಗೆ ಕಪ್ಪಾಗ್ತದೆ. ಸಂತೆ ಮುಗಿಸ್ಕೊಂಡು ಬನ್ನಿ.”

ಸಂಜೆ ತೊಳೆದರೆ ಅಲಗಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಓಬಳಮ್ಮ ಚಾಕು ಕೊಂಡು ಹೋದರು.

ಮುಂದಿನ ವಾರ ನಾಲ್ವರು ಹೆಂಗಸರೊಂದಿಗೆ ಬಂದು, “ನಮ್ ಸಾಬ್ರ ಚಾಕು ಒರೆಸದೆ ಇಟ್ರೂ ಕಪ್ಪಾಗಲ್ಲ, ನೋಡ್ರಮ್ಮ” ಎನ್ನುತ್ತ ಸೆರಗಿನ ಗಂಟು ಬಿಚ್ಚಿದರು. ಈ ಸಲ ಒಳಗಿದ್ದದ್ದು ನಿಂಬೆಹಣ್ಣು.