ನೇಫಾ ಲಕ್ಕಣ್ಣ

ಯಲಹಂಕದಿಂದ ಹುಣಸಮಾರನಹಳ್ಳಿಗೆ ಹೋಗುವ ರಸ್ತೆ ಅಂಗೈಯಷ್ಟು ಸಪಾಟು. ಆ ರಸ್ತೆಯಲ್ಲಿ ಕಡಿದಾದ ಬೆಟ್ಟವೇರುವವನ ಹಾಗೆ ನಡೆಯುತ್ತಿದ್ದ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ. ಮೈಯನ್ನು ಮುಂದಕ್ಕೆ ಬಾಗಿಸಿ, ಮೊಣಕಾಲನ್ನು ಅಗತ್ಯಕ್ಕಿಂತ ಒಂದು ಗೇಣು ಮೇಲಕ್ಕೆತ್ತಿ, ಪಾದವೂರುವ ಮೊದಲು ಈ ನೆಲ ತನ್ನ ಭಾರವನ್ನು ತಾಳೀತೇ ಎಂದು ವಿಚಾರಿಸುವವರಂತೆ ಕ್ಷಣಮಾತ್ರ ತಡೆದು, ಆಮೇಲೆ ಹೆಜ್ಜೆ ಹಾಕುತ್ತಿದ್ದ ಲಕ್ಕಣ್ಣನವರನ್ನು ದೂರದಿಂದ ಕಂಡ ಹೊಸಬರು, ಪಾಪ, ಕಾಲಿಗೆ ಏನೋ ಪೆಟ್ಟಾಗಿರಬೇಕೆಂದು ಮರುಗುತ್ತಿದ್ದರು. ಊರಿನವರು ಮರುಗುತ್ತಿರಲಿಲ್ಲ. "ಅಗೋ, ನಮ್ಮ ನೇಫಾ ಲಕ್ಕಣ್ಣ ಗುಡ್ಡ ಅತ್ಕೊಂಡು ಬತ್ತಾವ್ರೆ" ಎಂದು ನಕ್ಕು ದಾರಿ ಬಿಡುತ್ತಿದ್ದರು.

ಮಾತಿನಲ್ಲಿಯೂ ಅವರಿಗೆ ಇಂಥದೇ ಒಂದು ನಿಧಾನವಿತ್ತು. ಎದುರಿನವರು ಏನೇ ಕೇಳಲಿ, ಉತ್ತರ ಹೇಳುವ ಮೊದಲು ಕೇಳಿದ ಪ್ರಶ್ನೆಯನ್ನೇ ಅವರಿಗೆ ತಿರುಗಿ ಒಪ್ಪಿಸುವುದು. "ಲಕ್ಕಣ್ಣ, ಈ ವಾರ ಮಳೆ ಬಂದೀತಾ?" ಎಂದವನಿಗೆ, "ಮಳೆ ಬಂದೀತಾ ಅಂತ ಕೇಳ್ದೆ. ಕೇಳಿದ್ದು ರಾಗಿ ಪೈರಿಗೋ, ಮಗಳ ಮದುವೆ ಚಪ್ಪರಕ್ಕೋ?" ಎಂದು ಇವರು ಮರುಪ್ರಶ್ನೆ ಹಾಕಿದರೆ, ಕೇಳಿದವನು ತಲೆ ಕೆರೆದುಕೊಂಡು, ಚಪ್ಪರಕ್ಕೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಹುಣಸಮಾರನಹಳ್ಳಿಯ ಒಂದು ಒಕ್ಕಲು ಮನೆತನದ ಕಿರಿಯ ಮಗ ಅವರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ ಅಸ್ಸಾಮಿನ ಗಡಿಯವರೆಗೆ ಹೋದರು. ಯುದ್ಧ ಮುಗಿದ ಮೇಲೂ ಆ ಕಡೆಯೇ ಉಳಿದರು. ಐವತ್ತರ ದಶಕದ ಮೊದಲಿಗೆ ಈಶಾನ್ಯದ ಗಡಿನಾಡಿನಲ್ಲಿ, ಪತ್ರಿಕೆಗಳು ಮುಂದೆ ನೇಫಾ ಎಂದು ಕರೆದ ಆ ಪರ್ವತಪ್ರಾಂತದಲ್ಲಿ, ಸರ್ಕಾರದ ಒಂದು ಸಣ್ಣ ಅಧಿಕಾರ ಹಿಡಿದರು. ಸಿಯಾಂಗ್ ನದಿಯ ಮೇಲಣ ಬೆಟ್ಟಸಾಲಿನಲ್ಲಿ ಅವರದೊಂದು ಬಿದಿರಿನ ಠಾಣೆ. ಸುತ್ತಲಿನ ಹಳ್ಳಿಗಳಿಗೆಲ್ಲ ಸರ್ಕಾರವೆಂದರೆ ಅವರೇ. ತಂದೆ ತೀರಿಕೊಂಡಾಗ, ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ, ಆ ಸರ್ಕಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಊರಿಗೆ ಮರಳಿದರು. ಅತ್ತೆಮಾವಂದಿರ ಸೇವೆಯಲ್ಲಿ ಅಷ್ಟೂ ಕಾಲ ಇಲ್ಲಿಯೇ ಕಳೆದಿದ್ದ ಅವರ ಹೆಂಡತಿ ಗೌರಮ್ಮನವರು ನನ್ನೊಡನೆ ಒಮ್ಮೆ ಹೇಳಿದರು: "ಬೆಟ್ಟದೋರು ನಮ್ಮೋರ್ನ ವಾಪಸ್ ಕಳಿಸ್ಲಿಲ್ಲ ಮೇಷ್ಟ್ರೇ. ಅವ್ರಂಗೇ ಇರೋ ಇನ್ನೊಬ್ರನ್ನ ಕಳಿಸವ್ರೆ."

ನಾನಾಗ ಯಲಹಂಕದ ಪ್ರೌಢಶಾಲೆಯಲ್ಲಿ ಚರಿತ್ರೆ, ಭೂಗೋಳಗಳ ಮೇಷ್ಟ್ರು. ಶಾಲೆಯ ವಾರ್ಷಿಕ ಸಂಚಿಕೆಗೆ ಆ ಪ್ರಾಂತವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಕೇಳಲು ಅವರ ಮನೆಗೆ ಹೋದೆ. ಇತಿಹಾಸ, ಜನಸಂಖ್ಯೆ, ಆಡಳಿತ ಎಂದು ಮೂರು ತಲೆಬರಹಗಳನ್ನೂ ನಾನೇ ಸೂಚಿಸಿದೆ. ಲಕ್ಕಣ್ಣನವರು ಜಗುಲಿಯ ಮೇಲೆ ಕೂತು ಮೂರನ್ನೂ ಒಂದೊಂದಾಗಿ ನನಗೆ ತಿರುಗಿ ಹೇಳಿದರು.

"ಇತಿಹಾಸ ಅಂದ್ರಿ. ಅದು ಅವರ ಬಾಯಲ್ಲೈತೆ" ಎಂದು ಶುರು ಮಾಡಿದರು. ಅಲ್ಲಿನ ಕುಲಗಳಲ್ಲಿ ತಂದೆಯ ಹೆಸರಿನ ಕೊನೆಯ ಅಕ್ಷರದಿಂದ ಮಗನ ಹೆಸರು ಮೊದಲಾಗುತ್ತದೆಯಂತೆ. ಹಾಗೆ ಕೊಂಡಿಗೆ ಕೊಂಡಿ ಸೇರಿಸುತ್ತ ಹಿರಿಯರು ತಮ್ಮ ವಂಶವನ್ನು ಲೋಕದ ಹುಟ್ಟಿನವರೆಗೆ ಹಾಡಿಕೊಂಡು ಹೋಗುತ್ತಾರಂತೆ. ಠಾಣೆಯ ಪಕ್ಕದ ಹಳ್ಳಿಯಲ್ಲಿ ತಾಲೋಮ್ ಎಂಬ ಮುದುಕ ಮುಖ್ಯಸ್ಥನಿದ್ದ. ಅವನೊಂದು ಸಂಜೆ ತನ್ನ ಸರಪಣಿಯನ್ನೆಲ್ಲ ಹಾಡಿ ಮುಗಿಸಿ, "ಈಗ ನಿನ್ನದು ಹೇಳು" ಎಂದ. ಲಕ್ಕಣ್ಣನವರು ಅಪ್ಪ, ತಾತ, ಮುತ್ತಾತ ಎಂದು ಹೇಳಿ ನಿಂತರು. ಮುದುಕ ಹೊಟ್ಟೆ ಹಿಡಿದು ನಕ್ಕ. "ಮೂರು ತಲೆ ದಾಟಿ ಹಿಂದಕ್ಕೆ ನಡೆಯೋಕೆ ಬಾರದವನನ್ನ ನಮ್ಮನ್ನಾಳೋಕೆ ಯಾರು ಕಳಿಸಿದರಪ್ಪಾ?"

ಜನಸಂಖ್ಯೆಯ ವಿಷಯಕ್ಕೆ ಬಂದಾಗ ಅವರ ದನಿ ತಗ್ಗಿತು. ಆ ಬೆಟ್ಟಗಳಲ್ಲಿ ಎಷ್ಟು ಜನರಿದ್ದಾರೆಂದು ಸರ್ಕಾರಕ್ಕೆ ಆಗಿನ್ನೂ ತಿಳಿಯದು. ಎಣಿಸಿದರೆ ಎಣಿಸಿಕೊಂಡವರು ಕಡಿಮೆಯಾಗುತ್ತಾರೆಂಬ ಭಯ ಹಳ್ಳಿಯವರಿಗೆ. ಕಡೆಗೆ ತಾಲೋಮನೇ ಒಂದು ಬುಟ್ಟಿ ತಂದು ನಡುವೆ ಇಟ್ಟ. ಮನೆಗೊಬ್ಬರು ಬಂದು, ತಮ್ಮ ಮನೆಯಲ್ಲಿ ಎಷ್ಟು ಬಾಯಿಗಳೋ ಅಷ್ಟು ಜೋಳದ ಕಾಳನ್ನು ಅದರೊಳಗೆ ಹಾಕಿದರು. "ಒಬ್ಬ ತಾಯಿ, ತೀರ್ಕೊಂಡ ಮಗನ ಕಾಳನ್ನೂ ಹಾಕಿದಳು ಮೇಷ್ಟ್ರೇ. ನಾನು ನೋಡ್ದೆ. ತಾಲೋಮನೂ ನೋಡ್ದ. ತೆಗೆಯೋ ಕೈ ಇಬ್ಬರಿಗೂ ಬರ್ಲಿಲ್ಲ. ಸರ್ಕಾರದ ಲೆಕ್ಕದಾಗೆ ಆ ಹುಡುಗ ಬದುಕವ್ನೆ."

"ಮತ್ತೆ ಆಡಳಿತ?" ಎಂದೆ.

"ಆಡಳಿತ ಅಂದ್ರಿ. ಅದನ್ನ ಬರ್ದುಕೊಡಕ್ಕಾಗಲ್ಲ. ಕೂತು ನೋಡ್ಬೇಕು."

ಲೇಖನ ಬರಲೇ ಇಲ್ಲ. ಆದರೆ ಸ್ನೇಹವಾಯಿತು.

ಚಳಿಗಾಲದ ಬೆಳಗುಗಳಲ್ಲಿ ಅವರು ತೊಡುತ್ತಿದ್ದ ಕೆಂಪು ಉಣ್ಣೆಯ ಕೋಟನ್ನು ಮರೆತರೆ ಈ ಚಿತ್ರ ಅರ್ಧವಾದೀತು. ಆ ಬೆಟ್ಟಗಳಲ್ಲಿ ಹಳ್ಳಿಯ ಮುಖ್ಯಸ್ಥರಿಗೆ ಸರ್ಕಾರವೇ ಮರ್ಯಾದೆಯ ಗುರುತಾಗಿ ಕೊಡುತ್ತಿದ್ದ ಕೆಂಪು ಕೋಟು ಅದು. ಬೀಳ್ಕೊಡುವ ದಿನ ತಾಲೋಮ್ ತನ್ನ ಮೈಮೇಲಿದ್ದುದನ್ನು ಬಿಚ್ಚಿ ಇವರಿಗೆ ತೊಡಿಸಿದನಂತೆ. ಸರ್ಕಾರ ಕೊಟ್ಟ ಮರ್ಯಾದೆಯನ್ನು ಸರ್ಕಾರದವನಿಗೇ ಮಾಡಿ ಕಳಿಸಿದ ಆ ಮುದುಕನ ಠೀವಿಯನ್ನು ಹೇಳುವಾಗ ಲಕ್ಕಣ್ಣನವರ ಎದೆ ಉಬ್ಬುತ್ತಿತ್ತು. ಯಲಹಂಕದಲ್ಲಿ ಮಾತ್ರ ಅದನ್ನು ಕಂಡವರು, "ಏನ್ ಯಜಮಾನ್ರೇ, ಯಾವ ಬ್ಯಾಂಡ್‌ಸೆಟ್ಟು?" ಎನ್ನುತ್ತಿದ್ದರು. ಲಕ್ಕಣ್ಣನವರಿಗೆ ಸಿಟ್ಟಿಲ್ಲ. "ಯಾವ ಬ್ಯಾಂಡ್‌ಸೆಟ್ಟು ಅಂತ ಕೇಳಿದ್ರಿ. ತುತ್ತೂರಿ ಮನೇಲೈತೆ" ಎಂದು ಮುಂದಕ್ಕೆ ಗುಡ್ಡ ಹತ್ತುತ್ತಿದ್ದರು.

ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅರವತ್ತೆರಡರ ನವೆಂಬರಿನಲ್ಲಿ. ಬಸ್‌ಸ್ಟ್ಯಾಂಡಿನ ಹೋಟೆಲಿನ ರೇಡಿಯೋ ಮುಂದೆ ಊರೇ ಕಿಕ್ಕಿರಿದಿತ್ತು. ಗಡಿಯ ಸುದ್ದಿ ದಿನದಿಂದ ದಿನಕ್ಕೆ ಕೆಡುತ್ತಿತ್ತು. ಯಾರೋ ಅವರತ್ತ ತಿರುಗಿ, "ಮುಗೀತಲ್ಲ ಲಕ್ಕಣ್ಣ, ನಿಮ್ಮ ನೇಫಾ ಓಯ್ತು. ಆ ಕಾಡುಜನಕ್ಕೆ ಯಾರಾದ್ರೇನು ಬಿಡಿ" ಎಂದುಬಿಟ್ಟ. ಇವರು ಕಾಫಿಯ ಲೋಟ ಕೆಳಗಿಟ್ಟರು. ಆ ದಿನ ಮಾತ್ರ ಕೇಳಿದ್ದನ್ನು ತಿರುಗಿ ಹೇಳಲಿಲ್ಲ. "ಓಗಕ್ಕೆ ಅದೇನು ಕುರಿಮರಿಯಾ? ತಾಲೋಮ್ ಅವನ ಒಲೆ ಮುಂದೆ ಕುಂತವ್ನೆ. ಅವನು ಅಲ್ಲಿಂದ ಏಳೋವರೆಗೂ ಆ ನಾಡು ಎಲ್ಲಿಗೂ ಓಗಲ್ಲ" ಎಂದವರೇ ಹೊರಕ್ಕೆ ನಡೆದರು. ಆ ದಿನಗಳಲ್ಲಿ ಹಾಗೆ ನಿಶ್ಚಿತವಾಗಿ ಮಾತಾಡುವವರು ಅಪರೂಪ. ತಿಂಗಳು ತುಂಬುವುದರೊಳಗೆ ಕದನ ನಿಂತು, ಪರಸೈನ್ಯ ಹಿಂದೆ ಸರಿದು, ನಾಡು ಇದ್ದಲ್ಲೇ ಇತ್ತು.

ಆಡಳಿತದ ಪಾಠವನ್ನು ನಾನು ಕೂತು ನೋಡಿದ್ದು ಅದಾದ ಮೂರು ವರ್ಷಕ್ಕೆ.

ಲಕ್ಕಣ್ಣನವರ ಅಣ್ಣ ಪಿಳ್ಳಣ್ಣನವರು ಆ ವರ್ಷ ಜಂಟಿ ಜಮೀನಿನಲ್ಲಿ ದ್ರಾಕ್ಷಿ ಹಾಕಿದರು. ಕಲ್ಲುಕಂಬ ನಿಂತವು, ತಂತಿ ಬಿಗಿಯಿತು, ಚಪ್ಪರದ ತುಂಬ ಬಳ್ಳಿ ಹಬ್ಬಿತು. ಜೊತೆಗೆ, ಕೆಳಗೇರಿಯ ಜನ ತಲೆಮಾರುಗಳಿಂದ ತಮ್ಮ ಬಾವಿಗೆ ಹೋಗುತ್ತಿದ್ದ ಕಾಲುದಾರಿಗೆ ಅಡ್ಡವಾಗಿ ಎರಡು ಕಂಬಗಳೂ ಮುಳ್ಳಿನ ಬೇಲಿಯೂ ಬಂದವು. ಹೆಂಗಸರು ಕೆರೆ ಏರಿಯನ್ನು ಸುತ್ತಿ ನೀರು ತರಬೇಕಾಯಿತು. ಮಾರಕ್ಕ ಎಂಬ ಹಿರಿಯ ಹೆಂಗಸಿನ ತುಂಬು ಬಸುರಿ ಸೊಸೆ ಬಿಂದಿಗೆಯೊಡನೆ ಏರಿಯಿಂದ ಜಾರಿ ಬಿದ್ದಳು. ದೇವರು ದೊಡ್ಡವನು, ತಾಯಿಯೂ ಮಗುವೂ ಉಳಿದರು. ಆದರೆ ಕೇರಿಯ ಗಂಡಸರು ಕಂಬ ಕಿತ್ತೇ ತೀರುತ್ತೇವೆಂದರು. ಪಿಳ್ಳಣ್ಣನವರ ಮನೆಯ ಆಳುಗಳು ದೊಣ್ಣೆ ಹಿಡಿದು ತೋಟದಲ್ಲಿ ನಿಂತರು. "ಅವರವರ ಭೂಮಿ ಅವರವರದು" ಎಂದು ಊರಿನ ಹಿರಿಯರು ಅರಳಿಕಟ್ಟೆಯ ಮೇಲಿಂದಲೇ ಕೈತೊಳೆದುಕೊಂಡರು. ಆ ಕಟ್ಟೆಗೆ ಕೆಳಗೇರಿಯವರು ಹತ್ತುವಂತಿರಲಿಲ್ಲ. ದೂರ ನಿಂತು ಕೇಳಿಸಿಕೊಂಡು ಹೋಗಬೇಕಷ್ಟೆ.

ಲಕ್ಕಣ್ಣನವರು ಕಟ್ಟೆಯ ಮಾತು ಎತ್ತಲೇ ಇಲ್ಲ. ತಮ್ಮ ಒಕ್ಕಣೆಯ ಕಣವನ್ನು ಗುಡಿಸಿ, ಎರಡೂ ಕಡೆಯವರನ್ನು ಕರೆದರು. ನನಗೂ ಹೇಳಿಕಳಿಸಿದರು. ಅಲ್ಲಿ ಕಟ್ಟೆಯಿಲ್ಲ, ಕುರ್ಚಿಯಿಲ್ಲ. ಎಲ್ಲರಿಗೂ ಒಂದೇ ನೆಲ. ಪಿಳ್ಳಣ್ಣನವರು ಬಂದು ನಿಂತೇ ಗುಡುಗಿದರು: "ಲೇ ಲಕ್ಕ, ನೀನು ನನ್ನ ತಮ್ಮನೋ, ಅವರ ವಕೀಲನೋ?"

"ನಿನ್ನ ತಮ್ಮನೇ ಅಣ್ಣಯ್ಯ. ತೀರ್ಪು ಕೊಡಕ್ಕೆ ನಾನು ಬಂದಿಲ್ಲ. ಎಲ್ರೂ ಮಾತಾಡಿ ಮುಗಿಯೋಗಂಟ ಯಾರೂ ಏಳಂಗಿಲ್ಲ, ಅಷ್ಟೇಯ. ಒಬ್ರು ಆಡಿದ ಮಾತನ್ನ ಇನ್ನೊಬ್ರು ಮೊದ್ಲು ತಿರುಗಿ ಯೋಳ್ಬೇಕು. 'ಅದೇ ನಾನು ಅಂದಿದ್ದು' ಅಂತ ಅವ್ರು ಒಪ್ಪಿದ ಮ್ಯಾಲೆ ತಮ್ಮ ಮಾತು ಆಡ್ಬೇಕು." ತಾಲೋಮನ ಹಳ್ಳಿಯ ಸಭೆಯ ಕ್ರಮವಂತೆ ಅದು. ಪಿಳ್ಳಣ್ಣನವರು ಗೊಣಗುತ್ತ, ಪಂಚೆ ಮಡಿಸಿ ಕೂತರು.

ಮೊದಲು ಅವರದೇ ಮಾತು. ಸಾಲ ಮಾಡದೆ ದುಡಿದು ಎಬ್ಬಿಸಿದ ಚಪ್ಪರ, ಬಳ್ಳಿ ತುಳಿಯುವ ಕಾಲುಗಳು, ಹಣ್ಣು ಕೀಳುವ ಮಕ್ಕಳು, ಆಲಿಕಲ್ಲಿನ ಭಯ. ಅದನ್ನು ತಿರುಗಿ ಹೇಳುವ ಸರದಿ ಮಾರಕ್ಕನವರಿಗೆ ಬಂತು. ಅವರು ಒಂದನ್ನೂ ಬಿಡಲಿಲ್ಲ; ಸೆರಗು ಸರಿಮಾಡಿಕೊಂಡು, ಪಿಳ್ಳಣ್ಣನವರ ದುಗುಡವೆಲ್ಲ ತಮ್ಮದೇ ಎಂಬಂತೆ ಹೇಳಿ ಮುಗಿಸಿ, "ಮೋಡ ಕಂಡ್ರೆ ಗೌಡ್ರಿಗೆ ಅನ್ನ ಇಳೀದು" ಎಂದು ಸೇರಿಸಿದರು. ಪಿಳ್ಳಣ್ಣನವರು ಚಕಿತರಾದರು. "ಊಂ. ಅದೇ ನಾನು ಅಂದಿದ್ದು."

ಆಮೇಲೆ ಮಾರಕ್ಕ ತಮ್ಮ ಮಾತಾಡಿದರು. ಬಹಳವೇನಲ್ಲ, ಗಟ್ಟಿಯಾಗಿಯೂ ಅಲ್ಲ. ಮುಗಿದಾಗ ಎಲ್ಲರೂ ಪಿಳ್ಳಣ್ಣನವರತ್ತ ನೋಡಿದರು.

"ದಾರಿ ಬೇಕು ಅಂತಾಳೆ" ಎಂದರು ಅವರು.

"ಅಷ್ಟೇಯ ನಾನಂದಿದ್ದು?" ಎಂದರು ಮಾರಕ್ಕ.

"ಸೊಸೆ ಏರಿ ಮ್ಯಾಲೆ ಬಿದ್ಲು ಅಂತಾಳೆ."

"ಅದೂ ಅಂದೆ. ಇನ್ನೂ ಅಂದಿವ್ನಿ ಗೌಡ್ರೇ."

ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು. ಏಳುವಂತಿಲ್ಲ, ತಮ್ಮನೋ ನೆಲ ನೋಡುತ್ತ ಕೂತಿದ್ದಾನೆ. ಪಿಳ್ಳಣ್ಣನವರು ಒಂದೊಂದು ಮಾತನ್ನೂ ಬಾವಿಯಿಂದ ಸೇದುವವರಂತೆ ಎಳೆದು ತೆಗೆದರು: "ತನ್ನತ್ತೆ ಸೂಲಗಿತ್ತಿ ಅಂದ್ಲು. ನಮ್ಮವ್ವಂಗೆ ನೋವು ಬಂದಾಗ ಆ ದಾರೀಲೇ ಓಡಿ ಬಂದ್ಲು ಅಂದ್ಲು. ನಾನು..." ಅಲ್ಲಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ನಾನು ಉಟ್ಟಿದ್ದು ಆ ದಾರೀಲಿ ಬಂದ ಕೈ ಮ್ಯಾಲೆ ಅಂದ್ಲು."

"ಅದೇ ನಾನು ಅಂದಿದ್ದು" ಎಂದರು ಮಾರಕ್ಕ.

ಕೊನೆಗೆ ಪಿಳ್ಳಣ್ಣನವರೇ ಹೇಳಿದರು: "ಎರಡು ಕಂಬ ಕೀಳಿಸ್ತೀನಿ. ದಾರಿ ಎರಡು ಮಗ್ಗುಲಿಗೂ ಬೇಲಿ ಆಕ್ತೀನಿ. ಹುಡುಗ್ರು ಹಣ್ಣಿಗೆ ಕೈ ಆಕಿದ್ರೆ ನಿನ್ನ ಕೇಳ್ತೀನಿ, ಮಾರಕ್ಕ."

"ಕೇಳಿ ಗೌಡ್ರೇ. ನಾನಿವ್ನಿ."

ಕಂಬಗಳು ಮರುದಿನವೇ ಹೋದವು. ಆದರೆ ಊರ ಮುಂದೆ ಕಣ್ಣು ಒದ್ದೆಯಾದ ಪಿಳ್ಳಣ್ಣನವರಿಗೆ ತಮ್ಮನ ಮೇಲಿನ ಮುನಿಸು ಹೋಗಲಿಲ್ಲ. ಅದೇ ವರ್ಷ ಮನೆ ಹಿಸೆಯಾಯಿತು, ಅಂಗಳದ ನಡುವೆ ಗೋಡೆ ಎದ್ದಿತು, ಲಕ್ಕಣ್ಣನವರ ಪಾಲಿಗೆ ಗುಂಡುತೋಪಿನ ಆಚೆಯ ಬೆದ್ದಲು ಬಂತು. ಗೌರಮ್ಮನವರು ನನ್ನೆದುರಿಗೇ ಗಂಡನನ್ನು ತರಾಟೆಗೆ ತೆಗೆದುಕೊಂಡರು: "ಊರಿಗೆ ದಾರಿ ಬಿಡ್ಸಿ ಮನೇಗೆ ಗೋಡೆ ಆಕ್ಸಿದ್ರಿ!"

"ಮನೇಗೆ ಗೋಡೆ ಆಕ್ಸಿದ್ರಿ ಅಂದೆ. ಸರಿಯೇ" ಎಂದರು ಲಕ್ಕಣ್ಣನವರು. "ಆಕಿದೋನು ಅಣ್ಣಯ್ಯ. ಅವನೇ ಬಾಗಿಲು ಇಡ್ತಾನೆ. ಕಾಯಣ."

ಅವರ ದನಿಯಲ್ಲಿ ಅಳುಕಿರಲಿಲ್ಲ. ಗೌರಮ್ಮನವರ ಕಣ್ಣಿನಲ್ಲಿ ನಂಬಿಕೆಯೂ ಇರಲಿಲ್ಲ. ಎರಡು ಸುಗ್ಗಿ ಕಳೆದವು. ಕೆರೆಯ ತೂಬಿನ ನೀರಿಗಾಗಿ ಊರಿನಲ್ಲಿ ಹೊಸದೊಂದು ಜಗಳ ಹೊತ್ತಿಕೊಂಡಿತು. ಹಿರಿಯರು ಎಂದಿನಂತೆ ಕಟ್ಟೆ ಏರಿದಾಗ ಪಿಳ್ಳಣ್ಣನವರು ಅಲ್ಲಿಗೆ ಹೋಗದೆ, ನೆಟ್ಟಗೆ ಕಣಕ್ಕೆ ಬಂದು ನೆಲದ ಮೇಲೆ ಕೂತರು. "ಮಾರಕ್ಕನ್ನ ಕರೀರಿ. ನಮ್ಮ ಲಕ್ಕನ್ನೂ ಕರೀರಿ. ಅವನಿಲ್ದೆ ಕೂರೋದೆಂಗೆ?" ಎಂದರು. ಆ ಬೇಸಿಗೆಯಲ್ಲಿ ಅಂಗಳದ ಗೋಡೆಗೆ ಬಾಗಿಲು ಬಂತು.

ಆ ದಶಕಗಳಲ್ಲಿ ನಮ್ಮ ಬಯಲುಸೀಮೆಯಿಂದ ದೂರದ ಗಿರಿಪ್ರಾಂತಗಳನ್ನು ಆಳಲು, ತಿದ್ದಲು, ಅಳೆಯಲು ಹೋದವರು ಹಲವರಿದ್ದರು. ಮರಳಿ ಬಂದವರಲ್ಲಿ ಹೆಚ್ಚಿನವರು ಜಿಂಕೆಯ ಕೊಂಬನ್ನೋ, ಜ್ವರವನ್ನೋ, ಸಾಹಸದ ಕಥೆಗಳನ್ನೋ ತಂದರು. ಅಧಿಕಾರವೆಂಬುದು ಮನುಷ್ಯನಲ್ಲಿ ಮೊದಲು ತಿನ್ನುವುದು ಕಿವಿಯನ್ನು. ಬುದ್ಧಿ, ಹೃದಯಗಳ ಸರದಿ ಆಮೇಲೆ ಬರುತ್ತದೆ. ಆದರೆ ಎಲ್ಲೋ ಒಬ್ಬೊಬ್ಬರಿಗೆ ಅದೇ ಅಧಿಕಾರ, ತಾವು ಕೇಳಲೇಬೇಕಾದ ಜನರ ನಡುವೆ ತಂದು ಕೂರಿಸಿ, ಹೊಸ ಕಿವಿಯನ್ನು ಕೊಡುತ್ತದೆ. ಇಂಥವರ ಹೆಸರು ಯಾವ ಶಿಲಾಶಾಸನದಲ್ಲಿಯೂ ಸೇರುವುದಿಲ್ಲ, ಅವರು ಹಾಗೆ ಬಯಸುವುದೂ ಇಲ್ಲ. ಈ ವಿಸ್ತಾರವಾದ ದೇಶ ಒಂದೇ ಎಂದು ನಾವು ತರಗತಿಯಲ್ಲಿ ಭೂಪಟ ತೂಗುಹಾಕಿ ಮಕ್ಕಳಿಗೆ ಹೇಳುತ್ತೇವೆ. ಬ್ರಹ್ಮಪುತ್ರೆಯ ಆಚೆ ಒಬ್ಬ ಮುದುಕ ಆಡಿದ ನ್ಯಾಯದ ನುಡಿ ಹುಣಸಮಾರನಹಳ್ಳಿಯ ಹೆಂಗಸೊಬ್ಬಳ ಬಿಂದಿಗೆಗೆ ದಾರಿ ಬಿಡಿಸಿದಾಗ, ಆ ಮಾತು ಇಂಥವರ ಪುಣ್ಯದಿಂದ ನಿಜವಾಗುತ್ತದೆ.